ಒಂದೇ ಕ್ಯಾಬು, ಎರಡು ಕ್ಲೇಮು: ಎ.ಸಿ. ಕೆಟ್ಟ ಲೋಕೋಮೋಟಿವಿನ ಒಂದು ಪ್ರಕರಣ

ಜುಲೈ ತಿಂಗಳ ಒಂದು ಮಧ್ಯಾಹ್ನ, ಅಮೆರಿಕದ ಅರಿಜೋನಾ ರಾಜ್ಯದ ಮರುಭೂಮಿಯನ್ನು ದಾಟಬೇಕಿದ್ದ ಒಂದು ಗೂಡ್ಸ್ ರೈಲಿನ ಇಬ್ಬರು ಸಿಬ್ಬಂದಿ 1:15ಕ್ಕೆ ಡ್ಯೂಟಿಗೆ ಹಾಜರಾದರು. ಒಬ್ಬರು ಇಂಜಿನಿಯರ್, ಅಂದರೆ ನಾವು ಲೋಕೋ ಪೈಲಟ್ ಎಂದು ಕರೆಯುವವರು. ಇನ್ನೊಬ್ಬರು ಕಂಡಕ್ಟರ್. ಅಲ್ಲಿನ ಕಂಡಕ್ಟರ್ ಹುದ್ದೆ ನಮ್ಮ ಗಾರ್ಡ್ (ಈಗಿನ ಹೆಸರು ಟ್ರೈನ್ ಮ್ಯಾನೇಜರ್) ಹುದ್ದೆಗೆ ಹತ್ತಿರವಾದದ್ದು, ಆದರೆ ಅವರು ರೈಲಿನ ಕೊನೆಯ ಬ್ರೇಕ್‌ವ್ಯಾನಿನಲ್ಲಿ ಕೂರದೆ ಮುಂದಿನ ಕ್ಯಾಬಿನಲ್ಲಿ ಇಂಜಿನಿಯರ್ ಜೊತೆಗೇ ಕೂರುತ್ತಾರೆ. ಇಬ್ಬರೂ ಕ್ಯಾಬ್ ಹತ್ತಿದಾಗ ಎ.ಸಿ.ಯಿಂದ ಬಿಸಿಗಾಳಿ ಬರುತ್ತಿತ್ತು. ರೈಲು ಹೊರಟಿತು, ರಾತ್ರಿ ಮುಂದಿನ ಟರ್ಮಿನಲ್ ತಲುಪಿತು, ಇಬ್ಬರೂ ಆ ದಿನದ ಲೆಕ್ಕ ಮುಗಿಸುವಾಗ ಎ.ಸಿ. ಇಲ್ಲದ ಇಂಜಿನ್ನಿಗಾಗಿ ಹೆಚ್ಚುವರಿ ಹಣ ಕೋರಿ ತಲಾ ಒಂದು ಕ್ಲೇಮು ಸಲ್ಲಿಸಿದರು. ಕೊನೆಗೆ ಇಂಜಿನಿಯರಿಗೆ ಹಣ ಬಂತು, ಕಂಡಕ್ಟರಿಗೆ ಬರಲಿಲ್ಲ.

ಇದು ಮಾದರಿ ಪ್ರಕರಣವೆಂದು ಮೊದಲೇ ಸ್ಪಷ್ಟಪಡಿಸುತ್ತೇನೆ. ಇಂಥ ಕ್ಲೇಮುಗಳು ಸಾಮಾನ್ಯವಾಗಿ ಹಿಡಿಯುವ ದಾರಿಯನ್ನು ಒಂದೇ ಪಯಣಕ್ಕೆ ಹೊಂದಿಸಿ ಇಲ್ಲಿ ಬರೆದಿದ್ದೇನೆ. ಇದರ ಸಿಬ್ಬಂದಿಯಾಗಲಿ ಕಂಪನಿಯಾಗಲಿ ನಿಜವಾದ ಯಾರನ್ನೂ ಸೂಚಿಸುವುದಿಲ್ಲ. ಆದರೆ ಇದರಲ್ಲಿ ಬರುವ ಕಾನೂನುಗಳು, ತೀರ್ಪುಗಳು ಮತ್ತು ವಿಚಾರಣೆಯ ಹಂತಗಳು ನಿಜವಾದವು. ಒಂದೇ ಕ್ಯಾಬಿನಲ್ಲಿ ಒಂದೇ ಸೆಖೆಯನ್ನು ಸಹಿಸಿದ ಇಬ್ಬರಲ್ಲಿ ಒಬ್ಬರ ಹಕ್ಕು ಉಳಿದು ಇನ್ನೊಬ್ಬರದು ಹೇಗೆ ಕೈತಪ್ಪಿತು ಎಂಬುದನ್ನು ಹಂತಹಂತವಾಗಿ ನೋಡುವುದು ಈ ಬರಹದ ಉದ್ದೇಶ.

ಸೆಖೆಯ ವಿಷಯ ಹಣದ ಕ್ಲೇಮಾಗಿ ಏಕೆ ಬರುತ್ತದೆ, ಸುರಕ್ಷತೆಯ ಕಾನೂನೇ ಅದನ್ನು ಏಕೆ ಬಗೆಹರಿಸುವುದಿಲ್ಲ ಎಂದು ಓದುಗರು ಕೇಳಬಹುದು. ಇದಕ್ಕೆ ಉತ್ತರ ಸುಮಾರು ನೂರು ವರ್ಷ ಹಿಂದಿದೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯವು ಗಾಳಿ, ಚಳಿಯಿಂದ ಸಿಬ್ಬಂದಿಯನ್ನು ಕಾಪಾಡಲು ಇಂಜಿನ್ ಕ್ಯಾಬಿಗೆ ಪರದೆ ಹಾಕಲೇಬೇಕೆಂದು ಕಾನೂನು ಮಾಡಿತ್ತು. ಜಾರ್ಜಿಯಾ ರಾಜ್ಯವು ಕಲ್ಲಿದ್ದಲಿನ ಒಲೆಗೆ ತಾನಾಗಿ ಮುಚ್ಚುವ ಬಾಗಿಲು ಇರಬೇಕೆಂದು ಹೇಳಿತ್ತು. 1926ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ನ್ಯಾಯಮೂರ್ತಿ ಬ್ರಾಂಡೈಸ್ ಬರೆದ ತೀರ್ಪಿನಲ್ಲಿ, ಇವೆರಡನ್ನೂ ತಳ್ಳಿಹಾಕಿತು. 1911ರ ಬಾಯ್ಲರ್ ತಪಾಸಣೆ ಕಾಯಿದೆ ಮತ್ತು ಅದರ ತಿದ್ದುಪಡಿಗಳ ನಂತರ ಲೋಕೋಮೋಟಿವಿನ ಸಲಕರಣೆಯ ಇಡೀ ಕ್ಷೇತ್ರ ಕೇಂದ್ರ ಸರ್ಕಾರದ್ದು, ರಾಜ್ಯಗಳು ಅದರೊಳಗೆ ಕಾಲಿಡುವಂತಿಲ್ಲ ಎಂಬುದು ತೀರ್ಪಿನ ತಿರುಳು. ಅದೇ 1926ರಲ್ಲಿ ರೈಲ್ವೆ ಲೇಬರ್ ಕಾಯಿದೆ ಜಾರಿಗೆ ಬಂತು. ರಾಜ್ಯ ಶಾಸನದ ಬಾಗಿಲು ಮುಚ್ಚಿದ ವರ್ಷವೇ ಸಾಮೂಹಿಕ ಒಪ್ಪಂದದ ದಾರಿಗೆ ಕಾನೂನಿನ ಚೌಕಟ್ಟು ಸಿಕ್ಕಿತು. ಕೇಂದ್ರದ ನಿಯಮ ಕೈಗೆತ್ತಿಕೊಳ್ಳದ ಸೌಕರ್ಯವನ್ನು ಸಿಬ್ಬಂದಿ ಅಂದಿನಿಂದ ತಮ್ಮ ಒಪ್ಪಂದದೊಳಗೇ ಬರೆಸಿಕೊಳ್ಳಬೇಕಾಯಿತು.

ಕೇಂದ್ರದ ನಿಯಮಗಳು ಫೆಡರಲ್ ರೈಲ್‌ರೋಡ್ ಆಡಳಿತದ 229ನೇ ಭಾಗದಲ್ಲಿವೆ. ಕ್ಯಾಬಿನ ಆಸನ ಗಟ್ಟಿಯಾಗಿರಬೇಕು, ನೆಲದ ಮೇಲೆ ಎಣ್ಣೆ, ನೀರು ನಿಂತು ಜಾರುವಂತಿರಬಾರದು, ಚಳಿಗಾಲದಲ್ಲಿ ಕ್ಯಾಬಿನ ಉಷ್ಣತೆ 60 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಅಂದರೆ ಸುಮಾರು 16 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯಬಾರದು ಎಂದು ಅವು ವಿಧಿಸುತ್ತವೆ. ಚಳಿಗೆ ಹೀಗೆ ಕೆಳಮಿತಿ ಇದೆ, ಸೆಖೆಗೆ ಮೇಲ್ಮಿತಿ ಇಲ್ಲ. 2012ರ ತಿದ್ದುಪಡಿಯು ಆಮೇಲೆ ಬರುವ ಹೊಸ ಲೋಕೋಮೋಟಿವುಗಳಲ್ಲಿ ಎ.ಸಿ. ಇರಲೇಬೇಕೆಂದಿತು ಮತ್ತು ರೈಲಿನ ಮುಂಭಾಗದಲ್ಲಿರುವ ಲೋಕೋಮೋಟಿವಿನ ಎ.ಸಿ.ಯನ್ನು ನಿಯತಕಾಲಿಕ ತಪಾಸಣೆಯ ಸಮಯದಲ್ಲಿ ಪರೀಕ್ಷಿಸಿ ಸುಸ್ಥಿತಿಯಲ್ಲಿಡಬೇಕೆಂದಿತು. ಈ ತಪಾಸಣೆ ಮೂಲತಃ 92 ದಿನಕ್ಕೊಮ್ಮೆ ಆಗಬೇಕಾದದ್ದು, ಕೆಲವು ಹೊಸ ಬಗೆಯ ಇಂಜಿನ್‌ಗಳಿಗೆ ಇದರ ಅಂತರ ಇನ್ನೂ ಹೆಚ್ಚು. ಹೀಗಾಗಿ ಎರಡು ತಪಾಸಣೆಗಳ ನಡುವೆ ಎ.ಸಿ. ಕೆಟ್ಟರೆ, ಆ ಒಂದೇ ಕಾರಣಕ್ಕೆ ಇಂಜಿನ್ನನ್ನು ನಿಲ್ಲಿಸಬೇಕೆಂದು ಕಾನೂನು ಹೇಳುವುದಿಲ್ಲ. ನಮ್ಮ ಪ್ರಕರಣದ ಇಂಜಿನ್ ಇದೇ ಸ್ಥಿತಿಯಲ್ಲಿತ್ತು.

ಒಪ್ಪಂದದಲ್ಲಿ ಏನಿತ್ತು? ಇಂಥ ಕಲಮುಗಳು ರೈಲು ಕಂಪನಿಯಿಂದ ಕಂಪನಿಗೆ, ಒಂದೇ ಕಂಪನಿಯಲ್ಲೂ ಪ್ರದೇಶದಿಂದ ಪ್ರದೇಶಕ್ಕೆ ಬೇರೆಬೇರೆಯಾಗಿರುತ್ತವೆ, ಕೆಲವೆಡೆ ಇರುವುದೇ ಇಲ್ಲ. ಅದಕ್ಕಾಗಿ ಕ್ಲೇಮು ಬರೆಯುವವರು ಮೊದಲು ತೆರೆಯಬೇಕಾದದ್ದು ತಮ್ಮದೇ ಒಪ್ಪಂದದ ಪುಸ್ತಕ. ಈ ಪ್ರಕರಣದ ಕಲಮು ಮೂರು ಷರತ್ತುಗಳನ್ನು ಹಾಕಿತ್ತು: ರೈಲಿನ ಮುಂದಿನ ಲೋಕೋಮೋಟಿವಿನಲ್ಲಿ ಎ.ಸಿ. ಕೆಲಸ ಮಾಡುತ್ತಿರಬಾರದು, ಆ ವಿಷಯವನ್ನು ಸಿಬ್ಬಂದಿ ಹೊರಡುವ ಮೊದಲೇ ತಿಳಿಸಿರಬೇಕು, ತಿಳಿಸಿದ ಮೇಲೂ ಕಂಪನಿ ರಿಪೇರಿಯನ್ನಾಗಲಿ ಬದಲಿ ವ್ಯವಸ್ಥೆಯನ್ನಾಗಲಿ ಮಾಡಿರಬಾರದು. ಮೂರೂ ಕೂಡಿದರೆ ಆ ಪಯಣಕ್ಕೆ ಒಂದು ನಿಶ್ಚಿತ ಮೊತ್ತ ಸಲ್ಲಬೇಕು. ಸಂಕಟ ಎಷ್ಟಾಯಿತು ಎಂಬ ಪ್ರಶ್ನೆ ಆ ಕಲಮಿನಲ್ಲಿ ಎಲ್ಲಿಯೂ ಇಲ್ಲ. ಇದು ಓದುವವರಿಗೆ ನಿಷ್ಠುರವಾಗಿ ಕಂಡರೂ ಸಿಬ್ಬಂದಿಗೆ ಅನುಕೂಲವೇ, ಏಕೆಂದರೆ ಸೆಖೆಯನ್ನು ಅಳೆದು ತೋರಿಸುವ ಹೊಣೆ ಅವರ ಮೇಲಿಲ್ಲ. ಆದರೆ ಮೂರು ಷರತ್ತುಗಳನ್ನೂ ಸಾಬೀತು ಮಾಡುವ ಹೊಣೆ ಪೂರ್ತಿಯಾಗಿ ಕ್ಲೇಮುದಾರರದ್ದೇ.

ಇಂಜಿನಿಯರ್ ಮಾಡಿದ್ದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. 1:15ಕ್ಕೆ ಡ್ಯೂಟಿ ಆರಂಭ. 1:40ಕ್ಕೆ ಅವರು ಮೆಕ್ಯಾನಿಕಲ್ ವಿಭಾಗದ ಡೆಸ್ಕಿಗೆ ಫೋನ್ ಮಾಡಿ ಇಂಜಿನ್ ಸಂಖ್ಯೆಯೊಂದಿಗೆ ದೋಷವನ್ನು ತಿಳಿಸಿದರು. ಹಿಂದಿನ ಇಂಜಿನ್ನಿನ ಎ.ಸಿ. ಸರಿಯಿದ್ದುದರಿಂದ ಅದನ್ನು ಮುಂದಕ್ಕೆ ತರುವಂತೆ ಕೇಳಿದರು. ಇಂಜಿನ್ ತಿರುಗಿಸಲು ಈಗ ಸಮಯವಿಲ್ಲ, ಮುಂದಿನ ಟರ್ಮಿನಲ್ಲಿನಲ್ಲಿ ನೋಡೋಣ ಎಂಬ ಉತ್ತರ ಬಂತು. ಇದನ್ನೇ ರೇಡಿಯೋದಲ್ಲಿ, ರೈಲುಗಳ ಓಡಾಟ ನಿಯಂತ್ರಿಸುವ ಡಿಸ್ಪ್ಯಾಚರಿಗೂ ಹೇಳಿ, ಇಂಜಿನ್ನಿನ ದೋಷಗಳನ್ನು ಬರೆಯುವ ಫಾರಂನಲ್ಲಿ ನಮೂದಿಸಿದರು. ಮೂರೂ ಸಮಯಗಳನ್ನು ತಮ್ಮ ಕಿರುಪುಸ್ತಕದಲ್ಲಿ ಗುರುತು ಹಾಕಿಕೊಂಡರು. ರೈಲು ಹೊರಟದ್ದು 2:35ಕ್ಕೆ.

ರೈಲನ್ನು ಹೊರಡಿಸಬೇಕಿತ್ತೇ ಎಂಬ ಪ್ರಶ್ನೆ ಸಹಜ. ಅಮೆರಿಕದ ಕಾರ್ಮಿಕ ಪಂಚಾಯ್ತಿಗಳಲ್ಲಿ ಬಹುಕಾಲದಿಂದ ನೆಲೆ ನಿಂತಿರುವ ತತ್ವವೆಂದರೆ, ಮೇಲಧಿಕಾರಿಯ ಆದೇಶವನ್ನು ಮೊದಲು ಪಾಲಿಸು, ತಕರಾರನ್ನು ಆಮೇಲೆ ಸಲ್ಲಿಸು. ಪ್ರಾಣಕ್ಕೆ ಅಥವಾ ಗಂಭೀರ ಗಾಯಕ್ಕೆ ತಕ್ಷಣದ ಅಪಾಯವಿದ್ದಲ್ಲಿ ಮಾತ್ರ ಇದಕ್ಕೆ ವಿನಾಯಿತಿ. ಅಂಥ ಸಂದರ್ಭದಲ್ಲಿ ಒಳ್ಳೆಯ ನಂಬಿಕೆಯಿಂದ ಕೆಲಸ ನಿರಾಕರಿಸಿದವರಿಗೆ ಕೇಂದ್ರ ರೈಲು ಸುರಕ್ಷತಾ ಕಾಯಿದೆಯ ರಕ್ಷಣೆ ಇದೆ ಮತ್ತು ಶಿಕ್ಷೆಗೊಳಗಾದರೆ 180 ದಿನಗಳೊಳಗೆ ದೂರು ಕೊಡಬಹುದು. ಆದರೆ ಅದು ಬೇರೆಯದೇ ದಾರಿ, ಅದರ ಪುರಾವೆಯ ಮಟ್ಟವೂ ಬೇರೆ. ಇಂಜಿನಿಯರ್ ಸಾಕಷ್ಟು ನೀರು ಇಟ್ಟುಕೊಂಡು ಹೊರಟದ್ದು, ಹಣದ ಹಕ್ಕನ್ನು ಒಪ್ಪಂದದ ದಾರಿಯಲ್ಲಿ ಉಳಿಸಿಕೊಂಡದ್ದು ನನ್ನ ತಿಳಿವಳಿಕೆಯಲ್ಲಿ ಸರಿಯಾದ ನಿರ್ಧಾರ. ಅದೇ ಕ್ಯಾಬಿನಲ್ಲಿ ಯಾರಿಗಾದರೂ ತಲೆ ಸುತ್ತಿದ್ದರೆ, ವಾಂತಿಯಾಗಿದ್ದರೆ ನಾನು ಹೀಗೆ ಬರೆಯುತ್ತಿರಲಿಲ್ಲ. ಆಗ ರೈಲು ನಿಲ್ಲಬೇಕು, ಕ್ಲೇಮಿನ ಮಾತು ಆಮೇಲೆ.

ಡ್ಯೂಟಿಯ ಕೊನೆಗೆ ಕಂಪ್ಯೂಟರಿನಲ್ಲಿ ಲೆಕ್ಕ ಮುಗಿಸುವುದನ್ನು ಅಲ್ಲಿ ಟೈ-ಅಪ್ ಎನ್ನುತ್ತಾರೆ. ಗೂಡ್ಸ್ ಸಿಬ್ಬಂದಿಯ ಮೂಲ ವೇತನ ಮೈಲಿಗಳ ಲೆಕ್ಕದ್ದು. ಹಿಂದೆ 100 ಮೈಲಿಗೆ ಒಂದು ದಿನದ ವೇತನವೆಂದಿದ್ದದ್ದು 1990ರ ದಶಕದ ಮಧ್ಯದ ಹೊತ್ತಿಗೆ 130 ಮೈಲಿಗೆ ಏರಿತು. ನಮ್ಮ ರೈಲ್ವೆಯ ರನ್ನಿಂಗ್ ಅಲೋಯನ್ಸ್ ಕಿಲೋಮೀಟರ್ ಲೆಕ್ಕದಲ್ಲಿ ಬರುವುದನ್ನು ಬಲ್ಲವರಿಗೆ ಈ ಕ್ರಮ ಅಪರಿಚಿತವಲ್ಲ. ಈ ಮೂಲ ವೇತನದ ಹೊರಗೆ ಕೋರುವ ಪ್ರತಿಯೊಂದು ಹಣಕ್ಕೂ ಪ್ರತ್ಯೇಕ ಕ್ಲೇಮು ಬೇಕು. ಇಂಜಿನಿಯರ್ ತಮ್ಮ ಕ್ಲೇಮಿನಲ್ಲಿ ಬರೆದದ್ದು ಹತ್ತು ಸಾಲು: ರೈಲಿನ ಗುರುತು, ಮುಂದಿನ ಇಂಜಿನ್ನಿನ ಸಂಖ್ಯೆ, ಡ್ಯೂಟಿಯ ಸಮಯ, ದೋಷ ತಿಳಿಸಿದ ಸಮಯ, ಫೋನ್ ತೆಗೆದವರ ಹುದ್ದೆ, ಕೇಳಿದ ಬದಲಿ ವ್ಯವಸ್ಥೆ, ಸಿಕ್ಕ ಉತ್ತರ, ಹೊರಟ ಸಮಯ, ಹಾಗೂ ತಾವು ಆಧಾರವಾಗಿಟ್ಟುಕೊಂಡ ಕಲಮಿನ ಸಂಖ್ಯೆ. ಕೊನೆಯ ಸಾಲಿನಲ್ಲಿ ದಾರಿ ಮಧ್ಯೆ ಶೌಚಾಲಯ ಬ್ಲಾಕ್ ಆದದ್ದನ್ನೂ ಸೇರಿಸಿ, ಅದಕ್ಕೂ ಹಣ ಕೇಳಿದ್ದರು.

ಕಂಡಕ್ಟರ್ ಬರೆದದ್ದು ಇಷ್ಟೇ: ಇಡೀ ಪಯಣ ಎ.ಸಿ. ಇರಲಿಲ್ಲ, ತಾಳಲಾಗದ ಸೆಖೆ. ಕ್ಲೇಮಿನ ಬಗೆಯನ್ನು ಆರಿಸುವಲ್ಲಿ 'ಇತರೆ' ಎಂದು ಒತ್ತಿದರು. ಹನ್ನೊಂದು ಗಂಟೆ ಆ ಕ್ಯಾಬಿನಲ್ಲಿ ಕುಳಿತು ಬಂದವರು ಅದಕ್ಕಿಂತ ಹೆಚ್ಚು ಬರೆಯುವ ಸ್ಥಿತಿಯಲ್ಲಿರಲಿಲ್ಲ ಎಂಬುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಕಾನೂನು ಒಂದು ಡ್ಯೂಟಿಗೆ ಇಟ್ಟಿರುವ 12 ಗಂಟೆಯ ಮಿತಿ ಹತ್ತಿರವಾದಾಗ ಎಲ್ಲರಿಗೂ ಬೇಗ ಮಲಗುವ ಆತುರ ಇರುತ್ತದೆ. ಆದರೆ ಅವರು ಬರೆದದ್ದರಲ್ಲಿ ಮೊದಲ ಷರತ್ತಿನ ಅರ್ಧ ಭಾಗ ಮಾತ್ರ ಇದೆ, ಎರಡನೆಯದೂ ಮೂರನೆಯದೂ ಇಲ್ಲವೇ ಇಲ್ಲ.

ಇಬ್ಬರ ಸಂಘವೂ ಬೇರೆ. ಇಂಜಿನಿಯರುಗಳದ್ದು 1863ರಲ್ಲಿ ಹುಟ್ಟಿದ, ಇಂದು ಬ್ರದರ್‌ಹುಡ್ ಆಫ್ ಲೋಕೋಮೋಟಿವ್ ಇಂಜಿನಿಯರ್ಸ್ ಅಂಡ್ ಟ್ರೈನ್‌ಮೆನ್ ಎಂಬ ಹೆಸರಿನ ಸಂಘ. ಕಂಡಕ್ಟರುಗಳದ್ದು ಸ್ಮಾರ್ಟ್ ಸಂಘಟನೆಯ ಸಾರಿಗೆ ವಿಭಾಗ. ಆದ್ದರಿಂದ ಒಪ್ಪಂದದ ಪುಸ್ತಕವೂ ಬೇರೆ, ಕ್ಲೇಮು ನೋಡುವ ಸ್ಥಳೀಯ ಚೇರ್ಮನ್ನರೂ ಬೇರೆ. ನಮ್ಮ ಪ್ರಕರಣದಲ್ಲಿ ಎರಡು ಪುಸ್ತಕದಲ್ಲೂ ಎ.ಸಿ. ಕಲಮು ಒಂದೇ ರೀತಿ ಇತ್ತಾದರೂ ಒಬ್ಬರು ಸಲ್ಲಿಸಿದ ಕ್ಲೇಮು ಇನ್ನೊಬ್ಬರಿಗೆ ತಾನಾಗಿ ಅನ್ವಯಿಸುವಂತಿರಲಿಲ್ಲ. ಕಂಡಕ್ಟರ್ ತಪ್ಪು ತಿಳಿದದ್ದು ಇಲ್ಲಿಯೇ.

ವೇತನ ಲೆಕ್ಕದ ಕಚೇರಿಯಿಂದ ಹತ್ತೊಂಬತ್ತನೆಯ ದಿನ ಎರಡೂ ಕ್ಲೇಮುಗಳಿಗೆ ತಿರಸ್ಕಾರ ಬಂತು. ಕಂಡಕ್ಟರಿಗೆ 'ಮಾಹಿತಿ ಸಾಲದು' ಎಂಬ ಒಂದೇ ಸಾಲು. ಅದನ್ನು ಅವರು ಓದಿದರು. ಇಂಜಿನಿಯರ್ ಹೋರಾಡುತ್ತಿದ್ದಾರಲ್ಲ, ಅವರದ್ದು ಗೆದ್ದರೆ ತಮ್ಮದೂ ಗೆದ್ದಂತೆ ಎಂದುಕೊಂಡು ಸುಮ್ಮನಾದರು. ಅವರ ಒಪ್ಪಂದದ ಪ್ರಕಾರ ತಿರಸ್ಕಾರ ಬಂದ 60 ದಿನಗಳೊಳಗೆ ಮೇಲ್ಮನವಿ ಹೋಗಬೇಕಿತ್ತು. ಅಮೆರಿಕದ ರೈಲು ಒಪ್ಪಂದಗಳಲ್ಲಿ ಈ 60 ದಿನದ ಗಡುವು ಬಹಳ ಸಾಮಾನ್ಯ, ಹಲವೆಡೆ ಅದು ಎರಡೂ ಕಡೆಯವರನ್ನು ಕಟ್ಟುತ್ತದೆ. ಕಂಪನಿ ಗಡುವಿನೊಳಗೆ ಉತ್ತರಿಸದಿದ್ದರೆ ಕ್ಲೇಮು ಬರೆದಂತೆಯೇ ಸಲ್ಲಬೇಕು, ಸಂಘ ಗಡುವು ಮೀರಿದರೆ ಕ್ಲೇಮು ಸತ್ತಂತೆ. ಕಂಡಕ್ಟರ್ ತಿರಸ್ಕಾರದ ಪ್ರತಿಯನ್ನು ತಮ್ಮ ಸ್ಥಳೀಯ ಚೇರ್ಮನ್ನರಿಗೆ ತಲುಪಿಸಿದ್ದು ತಿರಸ್ಕಾರ ಬಂದ 71ನೆಯ ದಿನ. ಆ ಹೊತ್ತಿಗೆ ಇಂಜಿನಿಯರ್ ಕಂಡಕ್ಟರ್ ಪರವಾಗಿ ಲಿಖಿತ ಸಾಕ್ಷ್ಯ ಕೊಡಲು ಸಿದ್ಧರಿದ್ದರು, ಮೆಕ್ಯಾನಿಕಲ್ ಡೆಸ್ಕಿಗೆ ಮಾಡಿದ ಕರೆ ಇಬ್ಬರಿಗೂ ಒಂದೇ ಆಗಿತ್ತು, ಸತ್ಯ ಅವರ ಕಡೆಗಿತ್ತು. ಅಷ್ಟಿದ್ದರೂ ಆ ಕಡತವನ್ನು ಮತ್ತೆ ತೆರೆಯುವ ದಾರಿ ಯಾರ ಬಳಿಯೂ ಇರಲಿಲ್ಲ.

ಇಂಜಿನಿಯರಿಗೆ ಬಂದ ತಿರಸ್ಕಾರದಲ್ಲಿ ಮೂರು ಕಾರಣಗಳಿದ್ದವು, ಮತ್ತು ಈ ಪ್ರಕರಣದ ಹುರುಳು ಇರುವುದು ಅವುಗಳಲ್ಲೇ.

ಮೊದಲ ಕಾರಣ, ಇಂಜಿನ್ ಕೇಂದ್ರದ ನಿಯಮಗಳಿಗೆ ಅನುಗುಣವಾಗಿತ್ತು ಎಂಬುದು. ಇದು ನಿಜವೇ, ಸಂಘ ಇದನ್ನು ಅಲ್ಲಗಳೆಯಲಿಲ್ಲ, ಅಲ್ಲಗಳೆಯಲೂಬಾರದಿತ್ತು. ಹಲವರು ಇಲ್ಲಿ ಎಡವಿ, ಇಂಜಿನ್ ಕಾನೂನುಬಾಹಿರವಾಗಿತ್ತೆಂದು ತೋರಿಸಲು ಹೊರಟು, ಗೆಲ್ಲಲಾಗದ ವಾದಕ್ಕೆ ಸಿಕ್ಕಿಕೊಳ್ಳುತ್ತಾರೆ. ಸಂಘದ ಉತ್ತರ ಸರಳವಾಗಿತ್ತು: ಕಾನೂನು ಬೇಡದ್ದನ್ನು ಒಪ್ಪಂದ ಬೇಡಿದೆ, ಆ ಕಾರಣಕ್ಕಾಗಿಯೇ ಈ ಕಲಮು ಹುಟ್ಟಿದೆ. ಕಾನೂನು ಎ.ಸಿ. ಕೆಟ್ಟ ಇಂಜಿನ್ನನ್ನು ನಿಲ್ಲಿಸುತ್ತಿದ್ದರೆ ಈ ಕಲಮಿಗೆ ಕೆಲಸವೇ ಇರುತ್ತಿರಲಿಲ್ಲ. ಇದರ ಮಗ್ಗುಲನ್ನೂ ನೆನಪಿಡಬೇಕು. ಕಾನೂನು ಮುರಿದಿದ್ದ ಮಾತ್ರಕ್ಕೆ ಸಿಬ್ಬಂದಿಗೆ ಹಣ ಬರುವುದಿಲ್ಲ, ದಂಡವೇನಿದ್ದರೂ ಅದು ಸರ್ಕಾರಕ್ಕೆ. ಶೌಚಾಲಯದ ವಿಷಯ ಹೀಗೆಯೇ ಇತ್ತು. 229ನೇ ಭಾಗದ ಪ್ರಕಾರ ದೈನಂದಿನ ತಪಾಸಣೆಯಲ್ಲಿ ಶೌಚಾಲಯ ಕೆಟ್ಟಿರುವುದು ಕಂಡುಬಂದರೆ, ಕೆಲವು ವಿನಾಯಿತಿಗಳನ್ನು ಬಿಟ್ಟು, ಆ ಇಂಜಿನ್ನನ್ನು ಮುಂದೆ ಹಾಕುವಂತಿಲ್ಲ. ಆದರೆ ಒಪ್ಪಂದದಲ್ಲಿ ಶೌಚಾಲಯಕ್ಕೆ ಹಣದ ಕಲಮು ಇರಲಿಲ್ಲ. ಸ್ಥಳೀಯ ಚೇರ್ಮನ್ನರು ಆ ಸಾಲನ್ನು ಕ್ಲೇಮಿನಿಂದ ಹಿಂತೆಗೆದು, ಸುರಕ್ಷತಾ ಸಮಿತಿಗೆ ಬೇರೆಯಾಗಿ ಬರೆದರು. ಬಲವಿಲ್ಲದ ಬೇಡಿಕೆಯೊಂದು ಬಲವಾದ ಬೇಡಿಕೆಯ ಪಕ್ಕದಲ್ಲಿ ಕುಳಿತು ಅದನ್ನೂ ಸಡಿಲಗೊಳಿಸುವುದನ್ನು ಇದು ತಪ್ಪಿಸಿತು.

ಎರಡನೆಯ ಕಾರಣ 1985-86ರ ರಾಷ್ಟ್ರೀಯ ಒಪ್ಪಂದಗಳದ್ದು. 1985ರ ಬಳಿಕ ಸೇರಿದ ಸಿಬ್ಬಂದಿಗೆ ಮೂಲ ವೇತನದ ಜೊತೆಗೆ ಅದೇ ಸಮಯಕ್ಕೆ ಎರಡನೆಯ ಬಾರಿ ಸಲ್ಲುತ್ತಿದ್ದ ಭತ್ಯೆಗಳನ್ನು ತೆಗೆದುಹಾಕಲಾಯಿತು. ಇಂಜಿನಿಯರ್ ಸೇರಿದ್ದು 1985ರ ನಂತರ, ಆದ್ದರಿಂದ ಈ ಹಣವೂ ಅವರಿಗೆ ಸಲ್ಲದು ಎಂಬುದು ಕಂಪನಿಯ ನಿಲುವು. ಸಂಘವು ಎರಡು ಮಾತು ಹೇಳಿತು: ಎ.ಸಿ. ಕಲಮು ಆ ರಾಷ್ಟ್ರೀಯ ಒಪ್ಪಂದಗಳ ಅನಂತರ ಮಾಡಿಕೊಂಡ ಸ್ಥಳೀಯ ಒಪ್ಪಂದದ್ದು, ಆಗ ಇಲ್ಲದ ಭತ್ಯೆಯನ್ನು ಆಗ ತೆಗೆದುಹಾಕಿರಲು ಸಾಧ್ಯವಿಲ್ಲ. ಮತ್ತು ಆ ಕಲಮು ಹಳಬರು ಹೊಸಬರೆಂಬ ಭೇದ ಮಾಡದೆ 'ಸಿಬ್ಬಂದಿ' ಎಂದಷ್ಟೇ ಹೇಳುತ್ತದೆ. ಸಾಮಾನ್ಯ ನಿಯಮಕ್ಕಿಂತ ವಿಶೇಷ ನಿಯಮ, ಹಳೆಯದಕ್ಕಿಂತ ಹೊಸದು ಮೇಲು ಎಂಬ ಅರ್ಥೈಸುವಿಕೆಯ ಸೂತ್ರ ಇಲ್ಲಿ ಸಂಘದ ಕೈ ಹಿಡಿಯುತ್ತದೆಂದು ನನಗೆ ಅನಿಸುತ್ತದೆ.

ಮೂರನೆಯ ಕಾರಣವೇ ಅತ್ಯಂತ ಅಪಾಯಕಾರಿಯಾಗಿತ್ತು: ಇಂಜಿನ್ನಿನ ದೈನಂದಿನ ತಪಾಸಣಾ ವರದಿಯಲ್ಲಿ ದೋಷವಿಲ್ಲ ಎಂದಿದೆ, ಆದ್ದರಿಂದ ಎ.ಸಿ. ಕೆಟ್ಟಿತ್ತು ಎಂಬುದಕ್ಕೆ ಪುರಾವೆಯಿಲ್ಲ. ಬಳಕೆಯಲ್ಲಿರುವ ಪ್ರತಿಯೊಂದು ಲೋಕೋಮೋಟಿವನ್ನೂ ದಿನಕ್ಕೊಮ್ಮೆ ತಪಾಸಣೆ ಮಾಡಿ ವರದಿ ಬರೆಯಬೇಕು, ಆ ವರದಿಯನ್ನು ಕನಿಷ್ಠ 92 ದಿನ ಇಟ್ಟಿರಬೇಕು ಎಂಬುದು ನಿಯಮ. ಸ್ಥಳೀಯ ಚೇರ್ಮನ್ನರ ಅನುಭವ ಕೆಲಸಕ್ಕೆ ಬಂದದ್ದು ಇಲ್ಲಿಯೇ. ತಿರಸ್ಕಾರ ಬಂದ ಹತ್ತು ದಿನಗಳೊಳಗೇ ಅವರು ಆ ದಿನದ ಮತ್ತು ನಂತರದ ಮೂರು ದಿನಗಳ ವರದಿಗಳು, ರಿಪೇರಿ ಶೆಡ್ಡಿನ ದಾಖಲೆ ಹಾಗೂ ಮೆಕ್ಯಾನಿಕಲ್ ಡೆಸ್ಕಿನ ಕರೆಯ ದಾಖಲೆ ಬೇಕೆಂದು ಲಿಖಿತವಾಗಿ ಕೇಳಿದರು. ಮೇಲ್ಮನವಿಯ 60 ದಿನವೂ ಮೊದಲ ತಿರಸ್ಕಾರಕ್ಕೆ ಹಿಡಿದ ದಿನಗಳೂ ಸೇರಿದರೆ 92 ದಿನ ಎಷ್ಟು ಬೇಗ ತೀರುತ್ತದೆಂಬುದು ಅವರಿಗೆ ಗೊತ್ತಿತ್ತು.

ದಾಖಲೆಗಳು ಬಂದವು. ಡೆಸ್ಕಿನ ದಾಖಲೆಯಲ್ಲಿ 1:40ರ ಕರೆ ಇತ್ತು. ತಪಾಸಣಾ ವರದಿಯಲ್ಲಿ ದೋಷವಿಲ್ಲ ಎಂದೇ ಇತ್ತು. ಎರಡು ದಿನದ ನಂತರ ಶೆಡ್ಡಿನಲ್ಲಿ ಅದೇ ಇಂಜಿನ್ನಿನ ಎ.ಸಿ. ಫ್ಯಾನ್ ಮೋಟಾರ್ ಬದಲಿಸಿದ ನಮೂದೂ ಇತ್ತು. ಸಂಘದ ವಾದ ಹೀಗೆ ನಿಂತಿತು: ದೈನಂದಿನ ವರದಿಯ ಉದ್ದೇಶ ಕೇಂದ್ರದ ನಿಯಮಕ್ಕೆ ವಿರುದ್ಧವಾದ ಸ್ಥಿತಿಗಳನ್ನು ದಾಖಲಿಸುವುದು. ಎ.ಸಿ. ಕೆಡುವುದು ದೈನಂದಿನ ತಪಾಸಣೆಯ ಮಟ್ಟಿಗೆ ಅಂಥ ಸ್ಥಿತಿಯಲ್ಲವೆಂದು ಕಂಪನಿಯೇ ತನ್ನ ಮೊದಲ ಕಾರಣದಲ್ಲಿ ಹೇಳಿದೆ. ಹಾಗಿದ್ದ ಮೇಲೆ ಆ ಕಾಗದದಲ್ಲಿ ಅದು ಬರದೆ ಇರುವುದರಿಂದ ಎ.ಸಿ. ಸರಿಯಿತ್ತೆಂದು ಸಾಬೀತಾಗುವುದಿಲ್ಲ. ಕಂಪನಿಯ ಮೊದಲ ಕಾರಣ ಮೂರನೆಯ ಕಾರಣವನ್ನು ಕಡಿದುಹಾಕಿತ್ತು. ಇಡೀ ಕಡತದಲ್ಲಿ ಇಷ್ಟು ಸ್ವಚ್ಛವಾದ ವಾದ ಇನ್ನೊಂದಿಲ್ಲ.

ಮುಂದಿನ ಹಂತಗಳನ್ನು ಬೇಗ ಹೇಳಬಹುದು. ಸ್ಥಳೀಯ ಚೇರ್ಮನ್ನರಿಂದ ಕಡತ ಸಂಘದ ಮೇಲಿನ ಹಂತದ ಜನರಲ್ ಚೇರ್ಮನ್ನರಿಗೆ, ಅವರಿಂದ ಕಂಪನಿಯ ಲೇಬರ್ ರಿಲೇಷನ್ಸ್ ವಿಭಾಗದ ಅತ್ಯುನ್ನತ ಅಧಿಕಾರಿಗೆ ಹೋಗುತ್ತದೆ, ಬಳಿಕ ಇಬ್ಬರೂ ಕುಳಿತು ಮಾತನಾಡಬೇಕು. ಆ ಮಾತುಕತೆ ನಡೆದದ್ದನ್ನು ಲಿಖಿತವಾಗಿ ಇಟ್ಟಿರುವುದು ಒಳ್ಳೆಯದು. ಐವರು ಸಿಬ್ಬಂದಿಯ ಶಿಸ್ತುಕ್ರಮದ ಕ್ಲೇಮುಗಳಲ್ಲಿ ಮಾತುಕತೆಯ ದಾಖಲೆ ಕಡತದಲ್ಲಿಲ್ಲ ಎಂಬ ಕಾರಣಕ್ಕೆ, ಇಂಥ ತಕರಾರುಗಳನ್ನು ತೀರ್ಮಾನಿಸುವ ಹೊಂದಾಣಿಕೆ ಮಂಡಳಿಯ ಪೀಠವೊಂದು ಅವುಗಳನ್ನು ವಿಚಾರಿಸಲು ನಿರಾಕರಿಸಿದ್ದು, 2009ರಲ್ಲಿ ಸುಪ್ರೀಂ ಕೋರ್ಟ್ ತನಕ ಹೋಗಿ, ನ್ಯಾಯಮೂರ್ತಿ ಗಿನ್ಸ್‌ಬರ್ಗ್ ಬರೆದ ಒಮ್ಮತದ ತೀರ್ಪಿನಲ್ಲಿ ಸಿಬ್ಬಂದಿಯ ಪರವಾಗಿ ಮುಗಿಯಿತು. ಮಾತುಕತೆ ಮುರಿದರೆ 1934ರ ತಿದ್ದುಪಡಿಯಿಂದ ಹುಟ್ಟಿದ, ಷಿಕಾಗೋದಲ್ಲಿರುವ ರಾಷ್ಟ್ರೀಯ ರೈಲ್‌ರೋಡ್ ಹೊಂದಾಣಿಕೆ ಮಂಡಳಿಯ ಮೊದಲನೆಯ ವಿಭಾಗ, ಅಥವಾ 1966ರ ತಿದ್ದುಪಡಿಯ ಪ್ರಕಾರ ರಚಿಸುವ ವಿಶೇಷ ಮಂಡಳಿ. ಅಲ್ಲಿ ಹೊಸ ಪುರಾವೆಯನ್ನು ತರುವಂತಿಲ್ಲ, ಕಂಪನಿಯ ಹಂತದಲ್ಲಿ ಕಡತಕ್ಕೆ ಸೇರಿದ್ದನ್ನು ಮಾತ್ರ ನೋಡುತ್ತಾರೆ. ತಟಸ್ಥ ಮಧ್ಯಸ್ಥರ ಸಂಭಾವನೆಯನ್ನು ಸರ್ಕಾರವೇ ಕೊಡುವುದರಿಂದ ಸಣ್ಣ ಮೊತ್ತದ ಕ್ಲೇಮೂ ಅಲ್ಲಿಯವರೆಗೆ ಹೋಗಬಲ್ಲದು. ಇಂಥ ತಕರಾರಿಗೆ ಮುಷ್ಕರ ಹೂಡುವ ದಾರಿಯನ್ನು 1957ರಲ್ಲೇ ಸುಪ್ರೀಂ ಕೋರ್ಟ್ ಮುಚ್ಚಿರುವುದರಿಂದ, ಸಿಬ್ಬಂದಿಯ ಕೈಯಲ್ಲಿ ಉಳಿದಿರುವುದು ಈ ಕಡತವೊಂದೇ.

ನಮ್ಮ ಪ್ರಕರಣ ಮಂಡಳಿಯವರೆಗೆ ಹೋಗಲಿಲ್ಲ. ಮಾತುಕತೆಯಲ್ಲಿ ಕರೆಯ ದಾಖಲೆಯನ್ನೂ ಫ್ಯಾನ್ ಮೋಟಾರಿನ ನಮೂದನ್ನೂ ಪಕ್ಕಪಕ್ಕದಲ್ಲಿಟ್ಟಾಗ ಕಂಪನಿಯು ಎ.ಸಿ. ಕ್ಲೇಮನ್ನು ಪೂರ್ತಿಯಾಗಿ ಕೊಡಲು ಒಪ್ಪಿತು. ಆದರೆ ಒಂದು ಷರತ್ತು ಹಾಕಿತು: ಇದು ಮುಂದೆ ಯಾವ ಕ್ಲೇಮಿನಲ್ಲೂ ಉಲ್ಲೇಖಿಸಲಾಗದ, ಎರಡೂ ಕಡೆಯ ನಿಲುವಿಗೆ ಬಾಧಕವಾಗದ ಇತ್ಯರ್ಥ. ಇಂಥ ಷರತ್ತು ಅಲ್ಲಿನ ರೂಢಿ. ಜನರಲ್ ಚೇರ್ಮನ್ನರು ಒಪ್ಪಿದರು. ನನಗೆ ಇದರಲ್ಲಿ ಪೂರ್ತಿ ಸಮಾಧಾನವಿಲ್ಲ. ತಮ್ಮ ಸದಸ್ಯರಿಗೆ ಕೈಗೆ ಬಂದ ಹಣವನ್ನು ವರ್ಷಗಟ್ಟಲೆ ಕಾಯಿಸುವುದು ಸುಲಭದ ನಿರ್ಧಾರವಲ್ಲ, ನಿಜ. ಆದರೂ 1985-86ರ ರಾಷ್ಟ್ರೀಯ ಒಪ್ಪಂದ ಈ ಕಲಮಿಗೆ ಅನ್ವಯಿಸುತ್ತದೆಯೇ ಎಂಬ ಪ್ರಶ್ನೆಗೆ ಮಂಡಳಿಯ ಉತ್ತರ ಸಿಕ್ಕಿದ್ದರೆ ಆ ಮಾರ್ಗದ ಪ್ರತಿಯೊಬ್ಬ ಇಂಜಿನಿಯರಿಗೂ ಅದು ಆಧಾರವಾಗುತ್ತಿತ್ತು. ಇಂದು ಅದೇ ಕಾರಣ ಹೇಳಿ ಕಂಪನಿ ಮುಂದಿನ ಕ್ಲೇಮನ್ನು ಮತ್ತೆ ತಿರಸ್ಕರಿಸಬಹುದು.

ಸ್ಥಳೀಯ ಚೇರ್ಮನ್ನರು ಆ ನಾಲ್ಕು ದಿನಗಳ ತಪಾಸಣಾ ವರದಿಗಳ ಪ್ರತಿಗಳನ್ನು 92 ದಿನ ಕಳೆದ ಮೇಲೂ ತಮ್ಮ ಬಳಿ ಇಟ್ಟುಕೊಂಡಿದ್ದಾರೆ. ಆ ಇತ್ಯರ್ಥವನ್ನು ಮುಂದೆ ಉಲ್ಲೇಖಿಸುವಂತಿಲ್ಲ, ನಿಜ, ಆದರೆ ದೈನಂದಿನ ವರದಿಯಲ್ಲಿ ಎ.ಸಿ. ದೋಷ ಏಕೆ ಕಾಣುವುದಿಲ್ಲ ಎಂಬ ವಾದವನ್ನು ಮುಂದಿನ ಕ್ಲೇಮಿನಲ್ಲಿ ಆರಂಭದಿಂದಲೇ ಕಟ್ಟಲು ಯಾರ ಅಡ್ಡಿಯೂ ಇಲ್ಲ. ಕಂಡಕ್ಟರುಗಳ ಸ್ಥಳೀಯ ಚೇರ್ಮನ್ನರು ಅವರಿಂದ ಆ ವಾದದ ಒಂದು ಪ್ರತಿಯನ್ನು ಕೇಳಿ ಪಡೆದಿದ್ದಾರೆ, ಮತ್ತು ತಮ್ಮ ಸದಸ್ಯರಿಗೆ ಬರುವ ಪ್ರತಿಯೊಂದು ತಿರಸ್ಕಾರವೂ ಬಂದ ದಿನವೇ ತಮಗೆ ತಲುಪಬೇಕೆಂದು ತಿಳಿಸಿದ್ದಾರೆ.